ಊರಿನ ಮಕ್ಕಳ ಜೊತೆ ಕೆಲಸ ಮಾಡಬೇಕು, ಆದರೆ ಎಲ್ಲಿ? ಉತ್ತರ ಕನ್ನಡದವರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಮಳೆಯ ಜೋರು ಇಳಿದು ಶಾಲೆಗಳು ಒಂದು ಹದಕ್ಕೆ ಬಂದಾಗ ನನಗೆ ಒಂದೇ ಬಗೆಯ ಪ್ರಶ್ನೆ ಬರುತ್ತದೆ. "ಊರಿನ ಹುಡುಗ ಹುಡುಗಿಯರಿಗೆ ಏನಾದರೂ ಮಾಡಬೇಕು ಅಂತಿದೆ. ಸ್ಕೌಟ್ಸ್ ಸೇರಲಾ, ಟ್ಯೂಷನ್ ಹೇಳಲಾ, ಲೈಬ್ರರಿಗೆ ಹೋಗಲಾ, ಯುವಕ ಮಂಡಳದ ಜೊತೆ ಇರಲಾ?" ಕೇಳುವವರಲ್ಲಿ ಬೆಂಗಳೂರು ಬಿಟ್ಟು ಬಂದು ಶಿರಸಿಯ ಮನೆಯಿಂದಲೇ ಕೆಲಸ ಮಾಡುವ ಇಂಜಿನಿಯರುಗಳಿದ್ದಾರೆ. ಕಾರವಾರದಲ್ಲಿ ನಿವೃತ್ತರಾಗಿ ಕೂತ ನೌಕರರಿದ್ದಾರೆ. ಕುಮಟಾ, ಹೊನ್ನಾವರದ ಡಿಗ್ರಿ ವಿದ್ಯಾರ್ಥಿಗಳಿದ್ದಾರೆ. ಸ್ವಂತ ಮಕ್ಕಳು ದೊಡ್ಡವರಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಬಿಡುವು ಸಿಕ್ಕಿದ ಅಮ್ಮಂದಿರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಹಾಗಾಗಿ ಮೊದಲು ಏನನ್ನು ನೋಡಬೇಕು ಎಂದು ಹೇಳಿ, ಆಮೇಲೆ ಒಂದೊಂದನ್ನೇ ತೂಗುತ್ತೇನೆ.

ಆರಿಸುವ ಮೊದಲು ನೋಡಬೇಕಾದ್ದು

ನಾನು ಎಲ್ಲಕ್ಕಿಂತ ಮೊದಲು ಕೇಳುವುದು, ತಪ್ಪದೆ ಬರಲು ನಿಮಗೆ ಆಗುತ್ತದಾ ಎಂದು. ವಾರಕ್ಕೆ ಒಂದೇ ಗಂಟೆ, ಆದರೆ ಇಡೀ ವರ್ಷ ಬರುವವರಿಂದ ಮಕ್ಕಳಿಗೆ ಸಿಗುವುದು ಜಾಸ್ತಿ. ಯಾವಾಗಲೋ ಒಮ್ಮೆ ಬಂದು ದಿನವಿಡೀ ಭಾಷಣ ಮಾಡಿ ಹೋಗುವವರಿಂದ ಅಷ್ಟು ಸಿಗುವುದಿಲ್ಲ. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು ಬೇಗ ಬಾಯಿ ಬಿಡುವುದಿಲ್ಲ. ಮೊದಲ ಕೆಲವು ವಾರ ಸುಮ್ನೆ ನೋಡುತ್ತಾರೆ. ಆಮೇಲೆ ಒಂದು ದಿನ ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ, ಮನೆಯ ಕಷ್ಟವನ್ನೋ ಶಾಲೆ ಬಿಡಬೇಕೆಂದಿರುವುದನ್ನೋ ಹೇಳುತ್ತಾರೆ. ಅಷ್ಟು ಹೊತ್ತಿಗೆ ನೀವು ಬರುವುದನ್ನು ನಿಲ್ಲಿಸಿದ್ದರೆ, ನಿಮ್ಮ ನಂತರ ಬರುವವರಿಗೂ ಆ ಮಗು ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಇದು ಉಳಿದೆಲ್ಲ ಅಳತೆಗಿಂತ ಮೇಲು.

ತಪ್ಪದೆ ಬರಬೇಕೆಂದರೆ ನಮ್ಮ ಜಿಲ್ಲೆಯ ಕ್ಯಾಲೆಂಡರ್ ಗೊತ್ತಿರಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನವೆಂಬರ್ ನಂತರ ಅಡಿಕೆ ಕೊಯ್ಲು. ಆಗ ಸಂಜೆ ಮನೆಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ, ದೊಡ್ಡ ಹುಡುಗರು ಎಲ್ಲೂ ಸಿಗುವುದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಅಪ್ಪಂದಿರು ಮನೆಯಲ್ಲಿರುತ್ತಾರೆ, ಪಾಲಕರ ಜೊತೆ ಮಾತಾಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ಮಳೆಗೆ ರಜೆ ಮೇಲೆ ರಜೆ. ಅಂಕೋಲಾ, ಕುಮಟಾ ಕಡೆ ಸುಗ್ಗಿಯ ದಿನಗಳಲ್ಲಿ ತರಗತಿ ಇಟ್ಟರೆ ಖಾಲಿ ಕೋಣೆಯೇ ಗತಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಶಿರಸಿಯಲ್ಲಿ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಆಮೇಲೆ ದಾರಿ. ಶಿರಸಿಯಲ್ಲಿದ್ದು ಕುಮಟಾದ ಶಾಲೆಗೆ ಹೋಗುತ್ತೇನೆ ಎಂದು ಬೇಸಿಗೆಯಲ್ಲಿ ಒಪ್ಪಿಕೊಳ್ಳುವುದು ಸುಲಭ. ದೇವಿಮನೆ ಘಟ್ಟದಲ್ಲಿ ಜುಲೈ ತಿಂಗಳ ಮಳೆ, ಮಂಜು ಬಂದಾಗ ಆ ಮಾತು ನಿಲ್ಲುವುದಿಲ್ಲ. ಹಳ್ಳಿಯಿಂದ ವಾಪಸ್ ಬರುವ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ನಿಮಗಾಗಿಯೂ, ಮಕ್ಕಳಿಗಾಗಿಯೂ ಕೇಳಿಕೊಳ್ಳಿ. ಸಾಧ್ಯವಾದರೆ ನಿಮ್ಮದೇ ಪಂಚಾಯತಿಯೊಳಗೆ ಕೆಲಸ ಹುಡುಕಿ.

ಭಾಷೆಯನ್ನೂ ಗಮನಿಸಿ. ಕಾರವಾರ, ಜೋಯಿಡಾದ ಅನೇಕ ಮಕ್ಕಳಿಗೆ ಮನೆಮಾತು ಕೊಂಕಣಿ. ಭಟ್ಕಳದಲ್ಲಿ ನವಾಯತಿ, ಉರ್ದು. ಹಾಲಕ್ಕಿಗಳ ಕನ್ನಡ ಬೇರೆ, ಹವ್ಯಕರ ಕನ್ನಡ ಬೇರೆ. ಮಗುವಿನ ಮನೆಮಾತು ನಿಮಗೆ ಬಂದರೆ ಅದು ದೊಡ್ಡ ಬಂಡವಾಳ. ಬರದಿದ್ದರೆ, ಆಡುಮಾತನ್ನು ತಿದ್ದದೆ ಕೇಳುವ ತಾಳ್ಮೆಯಾದರೂ ಇರಬೇಕು.

ಖರ್ಚಿನ ವಿಷಯ ಮುಚ್ಚಿಡುವುದು ಬೇಡ. ಸಂಬಳವಿಲ್ಲದ ಕೆಲಸಕ್ಕೂ ಪೆಟ್ರೋಲ್ ಬೇಕು, ನೋಟ್‌ಬುಕ್ ಬೇಕು. ಸಂಜೆ ಹಸಿದು ಬಂದ ಮಕ್ಕಳಿಗೆ ಒಂದು ಬಾಳೆಹಣ್ಣೋ ಅವಲಕ್ಕಿಯೋ ಬೇಕು. ತಿಂಗಳಿಗೆ ನಿಮ್ಮ ಜೇಬಿನಿಂದ ಎಷ್ಟು ಹೋದರೂ ಬೇಜಾರಾಗುವುದಿಲ್ಲ ಎಂದು ಮೊದಲೇ ಒಂದು ಮಿತಿ ಹಾಕಿಕೊಳ್ಳಿ.

ನಿಮಗೇನು ಸಿಗಬೇಕು ಎಂದು ಕೇಳಿಕೊಳ್ಳುವುದರಲ್ಲೂ ತಪ್ಪಿಲ್ಲ. ಒಬ್ಬರಿಗೆ ಸರ್ಟಿಫಿಕೇಟ್ ಬೇಕು, ಇನ್ನೊಬ್ಬರಿಗೆ ಬಿ.ಎಡ್‌ಗೆ ಮೊದಲು ಪಾಠ ಹೇಳುವ ಅನುಭವ ಬೇಕು, ಮತ್ತೊಬ್ಬರಿಗೆ ಖಾಲಿ ಮನೆಯಿಂದ ಹೊರಬಂದು ನಾಲ್ಕು ಜನರ ಜೊತೆ ಬೆರೆಯಬೇಕು. ಬೇಕಾದ್ದು ಸಿಕ್ಕಿದರೆ ಹೆಚ್ಚು ಕಾಲ ಉಳಿಯುತ್ತೀರಿ, ಅಲ್ವಾ?

ಕೊನೆಯದು ಮಕ್ಕಳ ಸುರಕ್ಷತೆ. ಇದರಲ್ಲಿ ರಾಜಿಯೇ ಇಲ್ಲ. ಒಳ್ಳೆಯ ಸಂಸ್ಥೆ ನಿಮ್ಮ ಗುರುತಿನ ಚೀಟಿ ಕೇಳುತ್ತದೆ, ಪರಿಚಯದವರನ್ನು ವಿಚಾರಿಸುತ್ತದೆ, ಪಾಲಕರ ಒಪ್ಪಿಗೆ ಪಡೆಯುತ್ತದೆ. ಒಬ್ಬರೇ ದೊಡ್ಡವರನ್ನು ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಬಿಡುವುದಿಲ್ಲ. ಇದನ್ನೆಲ್ಲ ಕೇಳಿದಾಗ ಬೇಸರ ಮಾಡಿಕೊಳ್ಳಬೇಡಿ. ಏನೂ ಕೇಳದೆ "ನಾಳೆಯಿಂದಲೇ ಬನ್ನಿ" ಎನ್ನುವ ಕಡೆಗೆ ಹೋಗಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕರ್ತವ್ಯ, ಸ್ವಯಂಸೇವಕರಿಗೂ ಅದು ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿರಲಿ.

ಪಂಚಾಯತಿ ಲೈಬ್ರರಿ: ಕಡಿಮೆ ಖರ್ಚು, ನಿಧಾನದ ಫಲ

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಗ್ರಾಮ ಪಂಚಾಯತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಇವುಗಳಿಗೆ 'ಅರಿವು ಕೇಂದ್ರ' ಎಂದು ಹೆಸರು. ಜಾಗ ಇದೆ, ಪುಸ್ತಕ ಇದೆ, ಒಬ್ಬ ಮೇಲ್ವಿಚಾರಕರೂ ಇದ್ದಾರೆ. ಕಡಿಮೆ ಇರುವುದು ಮಕ್ಕಳ ಪಕ್ಕ ಕೂತು ಓದಿಸುವವರು.

ಕಾರವಾರ ತಾಲೂಕಿನ ಇಂಥ ಒಂದು ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಗಿನ ಶಾಲೆ ಮುಗಿಸಿ, ಊಟ ಮಾಡಿ ಬಂದ ಮಕ್ಕಳು ಚಾಪೆ ಮೇಲೆ ಕೂತಿದ್ದರು. ಐದನೇ ತರಗತಿಯ ಒಬ್ಬಳು ಚಿತ್ರದ ಪುಸ್ತಕ ಹಿಡಿದಿದ್ದಳು. ಮನೆಯಲ್ಲಿ ಕೊಂಕಣಿ. ಕನ್ನಡದ ಸಾಲನ್ನು ಬೆರಳಿಟ್ಟು ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಪಕ್ಕದಲ್ಲಿದ್ದ ಅಕ್ಕೋರು, ನಿವೃತ್ತ ಶಿಕ್ಷಕಿ, ಪುಸ್ತಕ ಮುಚ್ಚಿಸಿ "ಚಿತ್ರ ನೋಡಿ ಕತೆ ನಿನ್ನ ಮಾತಲ್ಲೇ ಹೇಳು" ಎಂದರು. ಹುಡುಗಿ ಕೊಂಕಣಿಯಲ್ಲಿ ಸರಸರ ಹೇಳಿದಳು, ಪುಸ್ತಕದಲ್ಲಿ ಇಲ್ಲದ ಒಂದು ನಾಯಿಯನ್ನೂ ಸೇರಿಸಿದಳು. ಆಮೇಲೆ ಪುಸ್ತಕ ತೆರೆದಾಗ ಅದೇ ಸಾಲುಗಳನ್ನು ಅವಳು ಮೊದಲಿಗಿಂತ ಧೈರ್ಯವಾಗಿ ಓದಿದಳು. ಒತ್ತಕ್ಷರ ಆಗಲೂ ತೊಡಕಾಯಿತು, ಆದರೆ ಪುಸ್ತಕವನ್ನು ಬದಿಗಿಡಲಿಲ್ಲ.

ಇದರ ಲಾಭ ಏನೆಂದರೆ, ಒಂದು ವಾರ ನೀವು ಬರದಿದ್ದರೂ ಲೈಬ್ರರಿಗೆ ಬೀಗ ಬೀಳುವುದಿಲ್ಲ. ಖರ್ಚು ಹೆಚ್ಚೂಕಡಿಮೆ ಇಲ್ಲ. ಮೇಲ್ವಿಚಾರಕರು ಜೊತೆಗಿರುವುದರಿಂದ ಸುರಕ್ಷತೆಯ ಚಿಂತೆಯೂ ಕಡಿಮೆ. ಕೊರತೆ ಎಂದರೆ, ಹೈಸ್ಕೂಲು ದಾಟಿದ ಹುಡುಗರು ಇಲ್ಲಿಗೆ ಕತೆ ಕೇಳಲು ಬರುವುದು ಕಡಿಮೆ. ಅವರನ್ನು ಸೆಳೆಯಲು ಪೇಪರ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕಂಪ್ಯೂಟರ್ ಬೇಕು. ಫಲ ಕಣ್ಣಿಗೆ ಕಾಣಲು ತಿಂಗಳುಗಳೇ ಬೇಕು, ಕೈಗೆ ಸರ್ಟಿಫಿಕೇಟ್ ಬರುತ್ತದೆ ಎಂದು ಕಾಯಬೇಡಿ. ಅಮ್ಮಂದಿರಿಗೆ, ನಿವೃತ್ತರಿಗೆ, ಮಾತು ಕಡಿಮೆ ಇರುವವರಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಪಂಚಾಯತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅವರನ್ನು ಕಂಡು ಒಂದು ಅರ್ಜಿ ಬರೆದುಕೊಟ್ಟು ಶುರು ಮಾಡಿ.

ಎಸ್‌ಎಸ್‌ಎಲ್‌ಸಿ ಸಂಜೆ ತರಗತಿ: ಫಲ ಬೇಗ, ಹೊಣೆ ಭಾರ

ಗಣಿತ, ವಿಜ್ಞಾನ, ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಇಲ್ಲಿ ಕೆಲಸ ಕಾದಿದೆ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಎರಡರಲ್ಲೂ ಹೈಸ್ಕೂಲಿನ ಮುಖ್ಯ ಶಿಕ್ಷಕರು ಸಂಜೆಯ ವಿಶೇಷ ತರಗತಿಗೆ ಕೈಜೋಡಿಸುವವರನ್ನು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಆದರೆ ಶಾಲೆಯ ಸಮಯ, ಶಾಲೆಯ ಪಾಠದ ಕ್ರಮ ನೀವು ಪಾಲಿಸಬೇಕು. ಶಿಕ್ಷಕರು ಒಂದು ರೀತಿ ಹೇಳಿದ್ದನ್ನು ನೀವು ಇನ್ನೊಂದು ರೀತಿ ಹೇಳಿ ಮಗುವನ್ನು ಗೊಂದಲಕ್ಕೆ ಕೆಡವಬಾರದು.

ಇಲ್ಲಿ ಊರಿನ ಬದುಕು ಗೊತ್ತಿದ್ದವರಿಗೆ ಒಂದು ಅನುಕೂಲ ಇದೆ. ಅನುಪಾತದ ಲೆಕ್ಕ ಎಂದರೆ ಬೋರ್ಡಿನ ಕಡೆ ನೋಡದ ಒಬ್ಬ ಹುಡುಗನಿಗೆ, ಅವನ ಅಪ್ಪ ಹೋಗುವ ದೋಣಿಯ ಪಾಲಿನ ಲೆಕ್ಕ ಕೇಳಿ ನೋಡಿದೆವು. ಮೀನು ಮಾರಿ 20,000 ಬಂತು, ಡೀಸೆಲ್ಲು, ಐಸಿಗೆ 8,000 ಹೋಯಿತು ಎಂದುಕೊಳ್ಳೋಣ. ಉಳಿದ 12,000ದಲ್ಲಿ ಅರ್ಧ ದೋಣಿ ಮಾಲೀಕರಿಗೆ. ಇನ್ನರ್ಧದಲ್ಲಿ ದೋಣಿ ನಡೆಸುವ ತಾಂಡೇಲರಿಗೆ ಎರಡು ಪಾಲು, ಅವನ ಅಪ್ಪನೂ ಸೇರಿ ನಾಲ್ವರು ಖಲಾಸಿಗಳಿಗೆ, ಅಂದರೆ ದೋಣಿಯ ಕೆಲಸಗಾರರಿಗೆ, ಒಂದೊಂದು ಪಾಲು. "ಹಂಗಾದ್ರೆ ಅಪ್ಪಂಗೆ ಸಾವಿರ" ಎಂದು ಅವನು ಪೆನ್ನು ಮುಟ್ಟದೆ ಹೇಳಿದ. ಅದನ್ನೇ 2:1:1:1:1 ಎಂದು ಬರೆದು ತೋರಿಸಿದಾಗ ಪಾಠಪುಸ್ತಕದ ಲೆಕ್ಕವನ್ನು ತಾನೇ ಎಳೆದುಕೊಂಡ. ಶಿರಸಿ ಕಡೆಯ ಮಕ್ಕಳಿಗೆ ಶೇಕಡಾ ಲೆಕ್ಕವನ್ನು ಅಡಿಕೆಯಿಂದ ಹೇಳಬಹುದು. ಹಸಿ ಅಡಿಕೆ ಇಷ್ಟು ತೂಗಿತು, ಒಣಗಿದ ಮೇಲೆ ಇಷ್ಟಾಯಿತು ಎಂಬುದು ಅವರ ಮನೆಯ ಅಂಗಳದಲ್ಲೇ ನಡೆಯುತ್ತದೆ.

2023–24ರಿಂದ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳು. ಇದು ಸ್ವಯಂಸೇವಕರಿಗೆ ಒಂದು ಹೊಸ ಅವಕಾಶ ಎಂದು ನನಗೆ ಅನಿಸುತ್ತದೆ. ಪರೀಕ್ಷೆ 1ರಲ್ಲಿ ಒಂದೆರಡು ವಿಷಯ ಬಿದ್ದ ಮಗು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತಿರುತ್ತದೆ, ಶಾಲೆಗೆ ಬೇಸಿಗೆ ರಜೆ. ಆಗ ಪರೀಕ್ಷೆ 2ಕ್ಕೆ ಸಿದ್ಧಮಾಡಲು ದಿನಾ ಒಂದು ಗಂಟೆ ಕೂರುವವರು ಒಬ್ಬರು ಸಿಕ್ಕಿದರೆ ಆ ಮಗುವಿನ ಒಂದು ವರ್ಷ ಉಳಿಯುತ್ತದೆ. ವರ್ಷವಿಡೀ ಬರಲಾಗದ, ಆದರೆ ಏಪ್ರಿಲ್, ಮೇ ತಿಂಗಳು ಊರಿಗೆ ಬರುವ ಕಾಲೇಜು ವಿದ್ಯಾರ್ಥಿಗಳೇ, ಇದನ್ನು ನೀವು ಯೋಚಿಸಿ.

ಬೆಂಗಳೂರಿನಲ್ಲಿದ್ದು ಊರಿಗೆ ಸಹಾಯ ಮಾಡಬೇಕು ಎನ್ನುವವರಿಗೂ ಇದರೊಳಗೇ ಒಂದು ಕೆಲಸವಿದೆ. ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಓದುವ, ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ದಾಟದ ಮಕ್ಕಳು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಎರಡು ಪತ್ರಿಕೆ, ಒಂದು ಬುದ್ಧಿಮತ್ತೆಯದು, ಇನ್ನೊಂದು ಪಾಠಕ್ಕೆ ಸಂಬಂಧಿಸಿದ್ದು, ತಲಾ 90 ಪ್ರಶ್ನೆ. ಬುದ್ಧಿಮತ್ತೆಯ ಪ್ರಶ್ನೆಗಳನ್ನು ವೀಡಿಯೊ ಕರೆಯಲ್ಲಿ ಚೆನ್ನಾಗಿಯೇ ಹೇಳಿಕೊಡಬಹುದು. ಆದರೆ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ನೆಟ್‌ವರ್ಕ್ ಹಿಡಿಸಿಕೊಡುವ ಒಬ್ಬ ಶಿಕ್ಷಕರು ಬೇಕೇ ಬೇಕು. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ, ಪ್ರಶ್ನೆಪತ್ರಿಕೆಯ ಪ್ರತಿ ಮೊದಲೇ ಕಳಿಸಿಡಿ.

ಸಂಜೆ ತರಗತಿಯಲ್ಲಿ ನನಗೆ ಕಾಣುವ ದೊಡ್ಡ ತೊಡಕು ಕತ್ತಲೆ. ಹೆಣ್ಣುಮಕ್ಕಳು ಮನೆ ಮುಟ್ಟುವುದು ಹೇಗೆ ಎಂಬುದಕ್ಕೆ ಉತ್ತರ ಸಿಗದೆ ತರಗತಿ ಶುರು ಮಾಡಬೇಡಿ. ಬೆಳಿಗ್ಗೆ ಶಾಲೆಗೆ ಮೊದಲು ಒಂದು ಗಂಟೆ ಇಟ್ಟರೆ ಎಷ್ಟೋ ಕಡೆ ಈ ತೊಂದರೆ ತಪ್ಪುತ್ತದೆ.

ಸ್ಕೌಟ್ಸ್ ಮತ್ತು ಗೈಡ್ಸ್: ತರಬೇತಿ ಬೇಕು, ಆದರೆ ಚೌಕಟ್ಟು ಗಟ್ಟಿ

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ 1950ರಿಂದ ನಡೆದುಬಂದ ಸಂಸ್ಥೆ. ಏನು ಮಾಡಬೇಕು ಎಂದು ನೀವು ಶೂನ್ಯದಿಂದ ಯೋಚಿಸಬೇಕಿಲ್ಲ, ಪ್ರವೇಶದಿಂದ ಹಿಡಿದು ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ದಾರಿ ಹಾಕಿಟ್ಟಿದ್ದಾರೆ. ಆರರಿಂದ ಎಂಟು ಮಕ್ಕಳ ಸಣ್ಣ ತಂಡ, ಅದಕ್ಕೆ ಅವರಲ್ಲೇ ಒಬ್ಬ ನಾಯಕ. ಪ್ರಥಮ ಚಿಕಿತ್ಸೆ, ಅಡುಗೆ, ದಿಕ್ಕು ಹುಡುಕುವುದು, ಹಗ್ಗದ ಗಂಟು. ಗಂಟಿನ ವಿಷಯದಲ್ಲಿ ಮೀನುಗಾರರ ಮನೆಯ ಮಕ್ಕಳು ದೊಡ್ಡವರಿಗೇ ಪಾಠ ಹೇಳುತ್ತಾರೆ. ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗ ಇಲ್ಲಿ ತಂಡದ ನಾಯಕನಾಗುವುದನ್ನು ನೋಡುವುದೇ ಒಂದು ಸಂತೋಷ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ದಳ ನಡೆಸಲು ತರಬೇತಿ ಪಡೆಯಬೇಕು, ಅದಕ್ಕೆ ಬಿಡುವು ಮಾಡಿಕೊಂಡು ಶಿಬಿರಕ್ಕೆ ಹೋಗಬೇಕು. ಸಮವಸ್ತ್ರ ಹೊಲಿಸಬೇಕು. ನೀವು ಬಿಟ್ಟರೆ ದಳ ನಿಂತೇಹೋಗುವ ಸಾಧ್ಯತೆ ಹೆಚ್ಚು, ಹಾಗಾಗಿ ಎರಡು ಮೂರು ವರ್ಷ ಊರಲ್ಲೇ ಇರುತ್ತೇನೆ ಎನ್ನುವವರು ಮಾತ್ರ ಒಪ್ಪಿಕೊಳ್ಳಬೇಕು. ಗೈಡ್ ದಳಕ್ಕೆ ಮಹಿಳೆಯೇ ಕ್ಯಾಪ್ಟನ್ ಆಗಬೇಕು. ಊರಲ್ಲಿ ಒಬ್ಬ ಮಹಿಳೆ ಮುಂದೆ ಬಂದರೆ ಹುಡುಗಿಯರಿಗೆ ಶಿಬಿರ, ಚಾರಣ, ಮನೆಯಿಂದ ಹೊರಗೆ ಒಂದು ರಾತ್ರಿ ಗೆಳತಿಯರ ಜೊತೆ ಇರುವ ಅನುಭವ ಎಲ್ಲ ಸಿಗುತ್ತದೆ. ಯಾರೂ ಬಾರದಿದ್ದರೆ ಅದು ಹುಡುಗರಿಗಷ್ಟೇ. ಇದಕ್ಕಾಗಿಯೇ, ಮೈಗಟ್ಟಿ ಇರುವ, ಜನರನ್ನು ಸಂಭಾಳಿಸಲು ಬರುವ ಮಹಿಳೆಯರಿಗೆ ನಾನು ಲೈಬ್ರರಿಗಿಂತ ಮೊದಲು ಗೈಡ್ಸ್ ಹೇಳುತ್ತೇನೆ.

ಎನ್‌ಎಸ್‌ಎಸ್, ಯುವಕ ಮಂಡಳ, ಮೈ ಭಾರತ್

ನೀವು ಕಾಲೇಜಿನಲ್ಲಿದ್ದರೆ ಬೇರೆಲ್ಲೂ ಹುಡುಕಬೇಡಿ, 1969ರಿಂದ ಇರುವ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನಿಮ್ಮ ಕಾಲೇಜಿನಲ್ಲೇ ಇರಬಹುದು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ, ಕೊನೆಗೆ ಸರ್ಟಿಫಿಕೇಟ್. ಖರ್ಚಿಲ್ಲ. ಹಳ್ಳಿಯ ಶಾಲೆಯಲ್ಲಿ ಮಲಗಿ, ಸರದಿಯಲ್ಲಿ ಅಡುಗೆಗೆ ನಿಂತು, ಸಂಜೆ ಊರವರ ಮುಂದೆ ಮೈಕ್ ಹಿಡಿದು ಮಾತಾಡಿದ ಹುಡುಗ ಹುಡುಗಿಯರ ಅಂಜಿಕೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಏಳು ದಿನದ ನಂತರ ಆ ಊರಿನ ಮಕ್ಕಳಿಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಹಾಗೇ ಇರುತ್ತದೆ. ಲಾಭ ಹೆಚ್ಚಾಗಿ ಸ್ವಯಂಸೇವಕರಿಗೇ, ಅದು ಗೊತ್ತಿದ್ದು ಹೋಗಿ. ಕಾಲೇಜಿನ ಹೊರಗಿನವರು ಶಿಬಿರದಲ್ಲಿ ಒಂದು ಸಂಜೆ ತಮ್ಮ ಕಸುಬಿನ ಬಗ್ಗೆ ಮಾತಾಡಲು ಒಪ್ಪಿಕೊಳ್ಳಬಹುದು. ನರ್ಸ್, ಕೃಷಿಕ, ಎಲೆಕ್ಟ್ರಿಷಿಯನ್, ಯಾರಾದರೂ ಸರಿ.

ಓದು ಮುಗಿಸಿ ಕೆಲಸ ಹುಡುಕುತ್ತಿರುವವರು ಮೈ ಭಾರತ್ ಕಡೆ ನೋಡಿ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಶುರು ಮಾಡಿದ ವೇದಿಕೆ ಇದು, 15ರಿಂದ 29 ವರ್ಷದವರಿಗೆ. ನೆಹರು ಯುವ ಕೇಂದ್ರದ ಮೂಲಕ 18ರಿಂದ 29 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ ಗೌರವಧನದ ರಾಷ್ಟ್ರೀಯ ಯುವ ಸ್ವಯಂಸೇವಕ ಹುದ್ದೆಗಳನ್ನು ಹಿಂದೆ ತುಂಬುತ್ತಿದ್ದರು. ಜೇಬಿನಿಂದ ಹಾಕಲು ದುಡ್ಡಿಲ್ಲದವರು, ಅಂಥದ್ದಕ್ಕೆ ಅರ್ಜಿ ಕರೆದರೆ ಬಿಡಬೇಡಿ. ಓಡಾಟ, ವರದಿ, ಫೋಟೊ, ಸಭೆ ಜಾಸ್ತಿ. ಒಂದೇ ಮಗುವಿನ ಜೊತೆ ಕೂರುವ ಹೊತ್ತು ಕಡಿಮೆ.

ಯುವಕ ಮಂಡಳಗಳು ಕರಾವಳಿಯಲ್ಲಿ ಇನ್ನೂ ಜೀವಂತ. ಕಬಡ್ಡಿ, ವಾಲಿಬಾಲ್, ಗಣೇಶೋತ್ಸವ. ಹದಿನಾರು ದಾಟಿದ, ಓದು ಬಿಟ್ಟ ಹುಡುಗರು ಸಿಗುವ ಜಾಗ ಇದೇ. ಲೈಬ್ರರಿಗೂ ಟ್ಯೂಷನ್ನಿಗೂ ಬಾರದವರು ವಾಲಿಬಾಲ್ ಮೈದಾನಕ್ಕೆ ಬರುತ್ತಾರೆ. ಆಟದ ನಂತರ ಐಟಿಐ, ಡಿಪ್ಲೊಮಾ, ಲೈಸೆನ್ಸ್, ಗೋವಾದ ಕೆಲಸ ಎಂದು ಮಾತು ತೆಗೆದರೆ ಕೇಳುತ್ತಾರೆ. ಆದರೆ ಮಂಡಳದಲ್ಲಿ ಊರಿನ ರಾಜಕೀಯ ಎಷ್ಟಿದೆ, ಹುಡುಗಿಯರಿಗೆ ಜಾಗ ಇದೆಯಾ, ಎಲ್ಲ ಕೇರಿಯ ಹುಡುಗರೂ ಆಡುತ್ತಾರಾ ಎಂದು ನೋಡಿಕೊಳ್ಳಿ.

ಕಡಲು, ಕಾಡು ಇಷ್ಟಪಡುವವರಿಗೆ ಶಾಲೆಯ ಇಕೋ ಕ್ಲಬ್ ಇದೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಕಾಸರಕೋಡ ಬೀಚಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಮಕ್ಕಳಿಗೆ ತೋರಿಸಲು ಬೇಕಾದಷ್ಟಿದೆ. ಆದರೆ ನೀರಿನ ಹತ್ತಿರ ಮಕ್ಕಳನ್ನು ಕರೆದೊಯ್ಯುವುದು ದೊಡ್ಡ ಹೊಣೆ. ಈಜು ಬರುವ ದೊಡ್ಡವರು ಸಾಕಷ್ಟು ಜನ ಇಲ್ಲದೆ ಹೊರಡಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ.

ನಿಮ್ಮ ಪರಿಸ್ಥಿತಿಗೆ ಯಾವುದು

ವಾರಕ್ಕೆ ಎರಡು ಗಂಟೆ ಇದೆ, ದುಡ್ಡು ಹಾಕಲು ಆಗುವುದಿಲ್ಲ: ಲೈಬ್ರರಿ. ಮನೆಯಿಂದ ಕೆಲಸ, ಸಂಜೆ ಮೀಟಿಂಗು ಬಿಡುವುದಿಲ್ಲ: ಎನ್‌ಎಂಎಂಎಸ್, ಅದೂ ಶನಿವಾರ ಮಧ್ಯಾಹ್ನ. ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಊರಲ್ಲಿ: ಪರೀಕ್ಷೆ 2ರ ಮಕ್ಕಳು. ಆರೋಗ್ಯ ಗಟ್ಟಿ, ಊರು ಬಿಡುವ ಯೋಚನೆ ಇಲ್ಲ: ಸ್ಕೌಟ್ಸ್ ಅಥವಾ ಗೈಡ್ಸ್. ಬಿ.ಎಡ್ ಕನಸಿದೆ: ಸಂಜೆ ತರಗತಿ, ಅದರಷ್ಟು ಕಲಿಸುವುದು ಬೇರೊಂದಿಲ್ಲ. ಆಟಗಾರರಾಗಿದ್ದವರು ಮೈದಾನಕ್ಕೇ ಹೋಗಿ.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಎರಡೂ ಕಡೆ ಒಂದೊಂದು ಸಲ ಸುಮ್ನೆ ಹೋಗಿ ಕೂತು ಬನ್ನಿ. ಬೀಗದ ಕೀಲಿ ಯಾರ ಹತ್ತಿರ, ನೀವು ಬಾರದ ದಿನ ಯಾರು ನೋಡಿಕೊಳ್ಳುತ್ತಾರೆ, ಮಗುವಿಗೆ ಪೆಟ್ಟಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ. ಈ ಮೂರಕ್ಕೂ ತಡವರಿಸದೆ ಉತ್ತರ ಸಿಗುವ ಕಡೆ ಒಪ್ಪಿಕೊಳ್ಳಿ. ಒಪ್ಪುವಾಗ ಮಾರ್ಚ್‌ವರೆಗೆ, ಮೇವರೆಗೆ ಎಂದು ಅವಧಿಯನ್ನು ಮಕ್ಕಳಿಗೂ ಹೇಳಿಬಿಡಿ. ಅವಧಿ ಮುಗಿಯುವ ಒಂದು ತಿಂಗಳು ಮೊದಲು, ಮುಂದೆ ಬರುವವರನ್ನು ಕರೆತಂದು ಮಕ್ಕಳ ಪಕ್ಕ ಕೂರಿಸಿ.